ನನ್ನ ಕೂದಲು, ಯಾರದೋ ತುತ್ತು

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳ ಮೇಲಾಯ್ತು. ಆಫೀಸಿನಲ್ಲಿ ಕೆಲಸ ಜಾಸ್ತಿ ಅನ್ನೋ ಹಳೇ ನೆಪ ಇದ್ದೇ ಇದೆ :-) ಆದ್ರೆ ನಿಜ ಅದಲ್ಲ. ಒಂದು ವಿಷಯ ಐದು ವರ್ಷದಿಂದ ಒಳಗೇ ಕೂತಿದೆ. ಅದನ್ನ ಬರೆಯದೆ ಬೇರೇನೂ ಬರೆಯೋಕೆ ಮನಸ್ಸಾಗ್ತಿಲ್ಲ, ಅದನ್ನ ಬರೆಯೋಕೆ ಧೈರ್ಯವೂ ಇರಲಿಲ್ಲ. ಇವತ್ತು ಹೇಗೋ ಕೂತಿದ್ದೀನಿ. ಓದಿ.

2020ರ ಜೂನ್. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ, ಲಾಕ್‌ಡೌನ್ ಅಂತ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದುಬಿಟ್ಟಿದ್ದೆ. ಊರು ಅಂದ್ರೆ ಬೀಜಾಡಿ. ಕೋಟೇಶ್ವರಕ್ಕೂ ಕುಂಭಾಶಿಗೂ ನಡುವೆ, ಹೈವೇಯಿಂದ ಪಶ್ಚಿಮಕ್ಕೆ ಇಳಿದರೆ ಸಮುದ್ರದ ಸದ್ದು ಕೇಳೋ ಊರು. ಮಳೆಗಾಲ ಶುರುವಾಗಿತ್ತು. ನೆಟ್‌ವರ್ಕ್ ಸಿಗೋದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಅಲ್ಲೇ ನನ್ನ ಆಫೀಸು.

ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ವ್ಯಕ್ತಿಯ ಕತ್ತಿನ ಮೇಲೆ ಮಂಡಿಯೂರಿ ಕೊಂದಿದ್ದು ನಿಮಗೆ ನೆನಪಿರಬಹುದು. ಅದಾದ ಮೇಲೆ ನಮ್ಮ ಕಂಪನಿಯಲ್ಲೂ ಒಂದು ಆನ್‌ಲೈನ್ ಸಭೆ ಇಟ್ಟಿದ್ರು. ಅಲ್ಲಿನ ಟೀಮಿನ ಕಪ್ಪು ಸಹೋದ್ಯೋಗಿಯೊಬ್ಬರು ತಮ್ಮ ಅಜ್ಜಿ ಬಸ್ಸಿನ ಹಿಂದಿನ ಸೀಟಿನಲ್ಲೇ ಕೂರಬೇಕಾಗಿದ್ದ ಕಾಲದ ಬಗ್ಗೆ ಹೇಳಿದರು. ನನಗೆ ಗಂಟಲು ಕಟ್ಟಿತು. ಚಾಟ್‌ನಲ್ಲಿ ಸಮಾನತೆ, ಮಾನವೀಯತೆ ಅಂತ ಉದ್ದುದ್ದ ಬರೆದೆ. ಒಂದಷ್ಟು ಹೃದಯದ ಚಿಹ್ನೆಗಳು ಬಂದವು. ಖುಷಿಯೂ ಆಯ್ತು, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಗಂಜಿ, ಒಣಮೀನಿನ ಚಟ್ನಿ ಮುಂದೆ ಕೂತು ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಬಸ್ಸಿನಲ್ಲಿ ಬೇರೆ ಸೀಟು, ಹೋಟೆಲಿನಲ್ಲಿ ಬೇರೆ ಬಾಗಿಲು ಅಂತೆಲ್ಲ. ಅಮ್ಮ ಕೇಳಿಸಿಕೊಂಡು ಏನೂ ವಿಶೇಷ ಇಲ್ಲ ಅನ್ನೋ ಹಾಗೆ ಹೇಳಿದ್ರು.

"ನಮ್ಮಲ್ಲೂ ಇತ್ತಲ್ಲ ಮಗಾ. ನಿಂಗೆ ಎರ್ಡ್ ವರ್ಷ ಆಪತಿಗೆ ಜ್ವರ ಬಂದ್ ಬಿಡ್ದೇ ಕೂತಿತ್ತ್. ಅಜ್ಜಿ ನಿನ್ನ್ ಕೂದ್ಲು, ಉಗ್ರು ಅನ್ನಕ್ಕೆ ಕಲ್ಸಿ ಕೊರ್ಗರ ಹೆಂಗ್ಸಿಗೆ ಕೊಟ್ಟಿದ್ರ್. ಆಮೇಲ್ ಜ್ವರ ಬಿಟ್ತ್."

ನಾನು ತುತ್ತು ಅಲ್ಲೇ ಬಿಟ್ಟೆ.

"ಅವ್ರ್ ಅದನ್ನ ತಿಂದ್ರಾ?"

"ತಿನ್ದೇ ಎಂತ ಮಾಡುದ್? ಎಲ್ರ್ ಮನಿಯಗೂ ಮಾಡ್ತಿದ್ರ್."

ಅಮ್ಮ ಕೆಟ್ಟವರಲ್ಲ. ಅಜ್ಜಿಯೂ ಅಲ್ಲ. ಅಜ್ಜಿ ನನ್ನನ್ನು ಉಳಿಸಿಕೊಳ್ಳೋಕೆ ಹಾಗೆ ಮಾಡಿದ್ರು. ಆ ದಿನದಿಂದ ನನ್ನನ್ನ ಕಾಡ್ತಿರೋದೂ ಅದೇ. ಕೆಟ್ಟತನ ಅಂತ ಯಾರಿಗೂ ಗೊತ್ತೇ ಆಗದ ಹಾಗೆ ಅದು ಮನೆಮದ್ದಿನ ಥರ ಒಳಗೆ ಇತ್ತು.

*

ಆ ಪದ್ಧತಿಗೆ ಅಜಲು ಅಂತ ಹೆಸರು. ನಮ್ಮ ಕರಾವಳಿಯ ಬ್ಲಾಗಿಗರಿಗೆ ಗೊತ್ತಿರುತ್ತೆ, ಘಟ್ಟದ ಮೇಲಿನವರಿಗಾಗಿ ಹೇಳ್ತೀನಿ. ಕೊರಗರು ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ಆದಿವಾಸಿಗಳು. ಬುಟ್ಟಿ ಹೆಣೆಯೋದು, ಡೋಲು ಬಡಿಯೋದು ಅವರ ಕೈಯಲ್ಲಿರೋ ವಿದ್ಯೆ. ಕೆಡುಕನ್ನು ಅವರ ಮೈಮೇಲೆ ದಾಟಿಸಿದರೆ ತಮ್ಮದು ಹೋಗುತ್ತೆ ಅಂತ ಉಳಿದವರ ನಂಬಿಕೆ. 2000ದಲ್ಲಿ ಕರ್ನಾಟಕ ಸರಕಾರ ಅಜಲು ಪದ್ಧತಿ ನಿಷೇಧ ಕಾಯ್ದೆ ತಂತು. ಅವತ್ತು ರಾತ್ರಿ ಹುಡುಕಿ ಓದಿದೆ. ಅಜಲು ಅಂದ್ರೆ ಏನು ಅಂತ ಕಾಯ್ದೆಯೇ ಬಿಡಿಸಿ ಹೇಳುತ್ತೆ. ಕೊರಗರನ್ನು ಕೀಳು ಮನುಷ್ಯರ ಹಾಗೆ ಕಾಣೋದು, ಕಂಬಳಕ್ಕೆ ಮುಂಚೆ ಅವರನ್ನು ಕೋಣಗಳ ಹಾಗೆ ಓಡಿಸೋದು, ಆಮೇಲೆ ಕೂದಲು, ಉಗುರು ಬೆರೆಸಿದ ಆಹಾರ ತಿನ್ನಿಸೋದು. ನಮ್ಮನೆ ಅಡುಗೆಮನೆಯಲ್ಲಿ ಆಗಿದ್ದನ್ನ ಯಾರೋ ನೋಡಿ ಬರೆದ ಹಾಗಿತ್ತು.

ನಾನು ಹುಟ್ಟಿದ್ದು 1997. ಜ್ವರ ಬಂದಿದ್ದು 1999. ಕಾಯ್ದೆ 2000. ಒಂದು ವರ್ಷ ಮೊದಲು ಬಂದಿದ್ರೆ ಅಜ್ಜಿ ಹಾಗೆ ಮಾಡ್ತಿರಲಿಲ್ಲವಾ? ಮಾಡ್ತಿದ್ರು ಬಿಡಿ. ಕಾಯ್ದೆ ಬಂದ ಮೇಲಿನ ನೆನಪು ನನಗೇ ಇದೆಯಲ್ಲ. ಆರೇಳು ವರ್ಷದವನಿದ್ದಾಗ ಗೆರಸೆ, ಹೆಡಿಗೆ ಮಾರೋಕೆ ಒಬ್ಬ ಮುದುಕಿ ಬರ್ತಿದ್ರು. ಅಂಗಳದ ಆಚೆ ತೆಂಗಿನ ಕಟ್ಟೆ ಹತ್ತಿರ ಕೂರ್ತಿದ್ರು, ಒಳಗೆ ಬರ್ತಿರಲಿಲ್ಲ. ಅವರಿಗೆ ಚಾ ಕೊಡ್ತಿದ್ದಿದ್ದು ತೆಂಗಿನ ಕರಟದಲ್ಲಿ, ಮೇಲಿನಿಂದ ಹುಯ್ದು. ಅವರು ನನ್ನನ್ನ 'ಒಡ್ಯಾ' ಅಂತಿದ್ರು. ನಾನು ಅವರನ್ನ 'ನೀನು' ಅಂತಿದ್ದೆ. ಅವರ ಹೆಸರೇನು ಅಂತ ನಮ್ಮನೆಯಲ್ಲಿ ಯಾರೂ ಕೇಳಿರಲಿಲ್ಲ.

*

ಅದಾದ ಮೇಲೆ ಅಮೆರಿಕದ ಕಥೆಯನ್ನ ಬೇರೆ ಥರ ಓದೋಕೆ ಶುರು ಮಾಡಿದೆ. ಶಾಲೆಯಲ್ಲಿ ಕಲಿತದ್ದು ಇಷ್ಟೇ: ದಣಿದ ರೋಸಾ ಪಾರ್ಕ್ಸ್ ಸೀಟು ಬಿಡಲಿಲ್ಲ, ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಮಾಡಿದರು, ನ್ಯಾಯ ಸಿಕ್ಕಿತು. ಹಾಗಲ್ಲವಂತೆ. ರೋಸಾ ಆಗಲೇ ವರ್ಷಗಟ್ಟಲೆ ಸಂಘಟನೆಯ ಕಾರ್ಯದರ್ಶಿಯಾಗಿ ದುಡಿದಿದ್ದವರು. 1955ರ ಡಿಸೆಂಬರ್ 1ರಂದು ಮಾಂಟ್‌ಗೊಮರಿಯಲ್ಲಿ ಅವರನ್ನು ಬಂಧಿಸಿದ ರಾತ್ರಿ, ಜೋ ಆ್ಯನ್ ರಾಬಿನ್ಸನ್ ಅನ್ನೋ ಕಾಲೇಜು ಉಪನ್ಯಾಸಕಿ ನಿದ್ದೆಗೆಟ್ಟು ಸಾವಿರಾರು ಕರಪತ್ರ ಅಚ್ಚು ಹಾಕಿದರು. ಜನ 381 ದಿನ ಬಸ್ ಹತ್ತಲಿಲ್ಲ. ನಡೆದರು, ಕಾರು ಹಂಚಿಕೊಂಡರು. ಜಾರ್ಜಿಯಾ ಗಿಲ್ಮೋರ್ ಅನ್ನೋ ಅಡುಗೆಯಾಕೆ ಒಂದಷ್ಟು ಹೆಂಗಸರನ್ನು ಸೇರಿಸಿ, ಕೇಕು, ಊಟ ಮಾರಿ ಆ ಕಾರುಗಳ ಪೆಟ್ರೋಲಿಗೆ ದುಡ್ಡು ಹೊಂದಿಸಿದರು. ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದಕ್ಕೆ ಕೆಲಸವನ್ನೂ ಕಳಕೊಂಡರು. ಆಮೇಲೆ ತಾನೇ ತೀರ್ಪು ಬಂದಿದ್ದು!

ನಮ್ಮಲ್ಲೂ ಹಾಗೇ ಆಗಿತ್ತು. ಬೇಜಾರು ಏನಂದ್ರೆ, ಮಾಂಟ್‌ಗೊಮರಿ ಗೊತ್ತಿದ್ದ ನನಗೆ ಮಂಗಳೂರು ಗೊತ್ತಿರಲಿಲ್ಲ. ಕೊರಗರು ಊರೂರಲ್ಲಿ ಸಣ್ಣ ಸಣ್ಣ ಸಂಘ ಕಟ್ಟಿಕೊಂಡರು. ಪೆರ್ನಾಲಿನ ಸಮಗ್ರ ಗ್ರಾಮೀಣ ಆಶ್ರಮದವರು ಜೊತೆಗಿದ್ದರು. ಆ ಸಂಘಗಳೆಲ್ಲ ಸೇರಿ ಕೊರಗ ಅಭಿವೃದ್ಧಿ ಸಂಘಗಳ ಒಕ್ಕೂಟ ಆಯ್ತು. 1993ರ ಆಗಸ್ಟ್ 18ರಂದು ಕೊರಗರು ಮಂಗಳೂರಿನಲ್ಲಿ ದೊಡ್ಡ ಜಾಥಾ ಮಾಡಿದರು. ಆಗ ಉಡುಪಿ ಇನ್ನೂ ಬೇರೆ ಜಿಲ್ಲೆ ಆಗಿರಲಿಲ್ಲ, ನಮ್ಮ ಕುಂದಾಪುರದವರಿಗೂ ಜಿಲ್ಲಾಕೇಂದ್ರ ಅಂದ್ರೆ ಮಂಗಳೂರೇ. ಅವರು ಕೇಳಿದ್ದು ಮುಖ್ಯವಾಗಿ ಎರಡು: ಅಜಲು ನಿಲ್ಲಬೇಕು, ನಮಗೆ ಭೂಮಿ ಬೇಕು.

ಒಂದು ಸಲ ಯೋಚನೆ ಮಾಡಿ. ಯಾರ ಮನೆಯ ಅಂಗಳದಾಚೆ ಕೂತು ಕರಟದಲ್ಲಿ ಚಾ ಕುಡಿಯಬೇಕೋ, ಆ ಮನೆಯವರೆಲ್ಲ ನೋಡ್ತಿರುವಾಗ ರಸ್ತೆ ಮಧ್ಯೆ ಸಾಲಾಗಿ ನಡೆಯೋದು ಅಂದ್ರೆ ಸುಮ್ಮನೆ ಅಲ್ಲ. ಮರುದಿನ ಮತ್ತೆ ಅದೇ ಮನೆಗಳಿಗೆ ಬುಟ್ಟಿ ಮಾರೋಕೆ ಬರಬೇಕಲ್ಲ.

ಆ ದಿನವನ್ನ ಅವರು ಈಗಲೂ ಪ್ರತಿ ಆಗಸ್ಟ್ 18ಕ್ಕೆ ಭೂಮಿ ಹಬ್ಬ ಅಂತ ಆಚರಿಸ್ತಾರೆ. ಕಾಯ್ದೆ ಬಂದಿದ್ದು ಜಾಥಾ ಆಗಿ ಏಳು ವರ್ಷದ ಮೇಲೆ. ಅಂದ್ರೆ ಸರಕಾರಕ್ಕೆ ತಾನಾಗಿ ಕರುಣೆ ಹುಟ್ಟಿ ಬಂದದ್ದಲ್ಲ, ನಮ್ಮಂಥವರ ಮನೆಯಲ್ಲಿ ಜ್ಞಾನೋದಯ ಆಗಿ ಬಂದದ್ದಂತೂ ಅಲ್ಲವೇ ಅಲ್ಲ. ಅನ್ನದಲ್ಲಿ ನನ್ನ ಕೂದಲು ತಿಂದವರ ಪೈಕಿಯವರೇ ನಡೆದು ನಡೆದು ತರಿಸಿದ ಕಾಯ್ದೆ ಅದು. ಭೂಮಿಯ ವಿಷಯದಲ್ಲಿ ಡಾ. ಮಹಮ್ಮದ್ ಪೀರ್ ಸಮಿತಿ ಒಂದು ಕುಟುಂಬಕ್ಕೆ ಎರಡೂವರೆ ಎಕರೆ ಕೊಡಬೇಕು ಅಂತ ಶಿಫಾರಸು ಮಾಡಿತ್ತು. ಅದಕ್ಕಾಗಿ ಅವರು ಇವತ್ತಿಗೂ ಕಚೇರಿ ಅಲೀತಾ ಇದ್ದಾರೆ. ಇನ್ನೊಂದು ಲೆಕ್ಕ ನೋಡಿ: 2001ರ ಜನಗಣತಿಯಲ್ಲಿ ಕರ್ನಾಟಕದ ಕೊರಗರು 16 ಸಾವಿರ ಚಿಲ್ಲರೆ ಇದ್ದರು, 2011ರಲ್ಲಿ 15 ಸಾವಿರಕ್ಕಿಂತ ಕಡಿಮೆ. ಎಲ್ಲರ ಸಂಖ್ಯೆ ಏರ್ತಾ ಇರೋ ದೇಶದಲ್ಲಿ ಇವರದು ಇಳೀತಾ ಇದೆ.

ಅಂದಹಾಗೆ, ಅಮೆರಿಕದ್ದು ಬೇರೆ ನಮ್ಮದು ಬೇರೆ ಅಂತ ಯಾರಾದ್ರೂ ಹೇಳಿದ್ರೆ ಒಂದು ಮಾತು. 1946ರಲ್ಲಿ ಅಂಬೇಡ್ಕರ್ ಅಲ್ಲಿನ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದಿದ್ದರು. ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿ. ಡುಬಾಯ್ಸ್ ಉತ್ತರವನ್ನೂ ಬರೆದರು. ನಾನು 2020ರಲ್ಲಿ ಕಂಡುಕೊಂಡೆ ಅಂದುಕೊಂಡ ನಂಟು ಅವರಿಗೆ ಆಗಲೇ ಗೊತ್ತಿತ್ತು.

*

2021ರ ಡಿಸೆಂಬರ್ ಕೊನೆಯಲ್ಲಿ ನಮ್ಮೂರಿಗೆ ಹತ್ತಿರದ ಕೋಟತಟ್ಟಿನ ಕೊರಗ ಕಾಲೊನಿಯಲ್ಲಿ ಒಂದು ಮೆಹಂದಿ. ಡಿಜೆ ಹಾಕಿದ್ದರು. ಸದ್ದು ಜಾಸ್ತಿ ಅಂತ ಪೊಲೀಸರು ಬಂದು ಲಾಠಿ ಬೀಸಿದರು. ಮದುಮಗನಿಗೂ ಪೆಟ್ಟು ಬಿತ್ತು. ಗಲಾಟೆ ಆಗಿ ಎಸ್ಸೈ ಅಮಾನತಾದರು, ಗೃಹಸಚಿವರು ಮನೆಗೆ ಬಂದರು. ಇದರ ನಡುವೆ ಪೆಟ್ಟು ತಿಂದವರ ಮೇಲೂ ಕೇಸು ಬಿತ್ತು.

ಪೇಪರಿನಲ್ಲಿ ಓದಿದಾಗ ನನಗೆ ಡೋಲು ನೆನಪಾಯ್ತು. ತಲೆತಲಾಂತರದಿಂದ ಊರವರ ಹಬ್ಬಕ್ಕೆ, ಕಂಬಳಕ್ಕೆ ರಾತ್ರಿಯಿಡೀ ಇವರು ಡೋಲು ಬಡಿದಾಗ ಸದ್ದು ಯಾರಿಗೂ ಜಾಸ್ತಿ ಅನ್ನಿಸಿರಲಿಲ್ಲ. ತಮ್ಮನೆ ಮದುವೆಗೆ ತಾವೇ ಹಾಡು ಹಾಕಿಕೊಂಡಾಗ ಜಾಸ್ತಿಯಾಯ್ತು. ಕತ್ತಿನ ಮೇಲಿನ ಮಂಡಿ ನೋಡೋಕೆ ನಾನು ಮಿನಿಯಾಪೊಲಿಸ್‌ವರೆಗೆ ಹೋಗಬೇಕಿರಲಿಲ್ಲ.

ಏನಾದ್ರೂ ಮಾಡಬೇಕು ಅನ್ನಿಸ್ತು. ಸಾಫ್ಟ್‌ವೇರ್‌ನವನ ಬುದ್ಧಿ ನೋಡಿ, ಮೊದಲು ಹೊಳೆದದ್ದೇ ಆಪ್! ಬುಟ್ಟಿ ಮಾರುತ್ತಿದ್ದ ಆ ಅಜ್ಜಿ ತೀರಿಹೋಗಿ ವರ್ಷಗಳಾಗಿತ್ತು. ಅವರ ಮೊಮ್ಮಗ ನನ್ನದೇ ವಯಸ್ಸಿನವರು, ಡಿಗ್ರಿ ಮಾಡಿದ್ದಾರೆ, ಸಂಘದ ಕೆಲಸಕ್ಕೆ ಓಡಾಡ್ತಾರೆ. ನಂಬರ್ ಹುಡುಕಿ ಫೋನ್ ಮಾಡಿದೆ. ಆಪ್, ಆನ್‌ಲೈನ್ ಸಹಿ ಸಂಗ್ರಹ ಅಂತೆಲ್ಲ ಹತ್ತು ನಿಮಿಷ ಮಾತಾಡಿದೆ. ಅವರು ಸಮಾಧಾನದಿಂದ ಕೇಳಿ, "ಆಪ್ ಎಲ್ಲ ಬೇಡ ಸಾರ್. ಜಾಗಕ್ಕೆ ಅರ್ಜಿ ಕೊಟ್ಟವ್ರ ಕಾಗದ ಎಲ್ಲ ಒಂದ್ ಚೀಲದಂಗಿತ್ತ್. ಅದನ್ನ ಒಂದ್ ಪಟ್ಟಿ ಮಾಡಿ ಪ್ರಿಂಟ್ ಹಾಕ್ಕೊಡಿ. ತಕಂಡ್ ಹೋಪುದ್ ನಾವೇ" ಅಂದ್ರು.

ಎರಡು ಭಾನುವಾರ ಅವರ ಮನೆ ಜಗಲಿಯಲ್ಲಿ ಕೂತು ಎಕ್ಸೆಲ್ ಶೀಟ್ ಮಾಡಿದೆ. ಹೆಸರು, ಸರ್ವೆ ನಂಬರ್, ಅರ್ಜಿ ಕೊಟ್ಟ ದಿನ, ಬಂದ ಉತ್ತರ. ನಾಲ್ಕನೇ ಕಾಲಂ ಹೆಚ್ಚುಕಡಿಮೆ ಖಾಲಿ. ಪ್ರತಿ ಹೆಸರಿನ ಹಿಂದೆ ಯಾವ ವರ್ಷ, ಯಾವ ಕಚೇರಿ, ಯಾರು ನಾಳೆ ಬಾ ಅಂದಿದ್ದು ಅಂತ ಅವರಮ್ಮನಿಗೆ ಬಾಯಿಪಾಠ. ಕಾಗದ ತಪ್ಪಿದಲ್ಲೆಲ್ಲ ಅವರೇ ತಿದ್ದಿದರು. ಪಟ್ಟಿ ನಾನು ಮಾಡಿದ್ದಲ್ಲ, ನಾನು ಬರೀ ಟೈಪ್ ಮಾಡಿದೆ. ಅರ್ಜಿ ಕೊಟ್ಟವರಲ್ಲಿ ಹತ್ತು ಹನ್ನೆರಡು ಜನ ಅದನ್ನ ತಗೊಂಡು ಕಚೇರಿಗೆ ಹೋದರು. ಈ ಸಲ ಅಧಿಕಾರಿ ಕೂರಿಸಿ ಮಾತಾಡಿಸಿದರಂತೆ. ಜಾಗ ಇನ್ನೂ ಬಂದಿಲ್ಲ.

ಆ ಜಗಲಿಯಲ್ಲಿ ನನಗೆ ಚಾ ಕೊಟ್ಟರು. ಸ್ಟೀಲ್ ಲೋಟದಲ್ಲಿ, ಬಿಸ್ಕೆಟ್ ಜೊತೆ. ಗೋಡೆ ಮೇಲೆ ಅಜ್ಜಿಯ ಫೋಟೋ ಇತ್ತು, ಕೆಳಗೆ ಹೆಸರು ಬರೆದಿತ್ತು. ಇಪ್ಪತ್ತು ವರ್ಷ ತಡವಾಗಿ ಆ ಹೆಸರು ಓದಿದೆ. ಅದನ್ನ ಇಲ್ಲಿ ಬರೆಯಲ್ಲ, ಅದು ಅವರ ಮನೆಯದು.

ಆದ್ರೆ ನನ್ನ ಕೂದಲಿನ ವಿಷಯ ಹೇಳಲಿಲ್ಲ. ಎರಡು ಭಾನುವಾರವೂ ಬಾಯಿತನಕ ಬಂದು ಹಿಂದೆ ಹೋಯ್ತು. ಅನ್ನ ತಿಂದದ್ದು ಆ ಅಜ್ಜಿಯೇನಾ, ಬೇರೆ ಯಾರಾದ್ರೂನಾ ಅಂತ ಅಮ್ಮನಿಗೆ ನೆನಪಿಲ್ಲ. "ಯಾರೋ ಬಂದಿದ್ರ್" ಅಂತಾರೆ. ಹೇಳಿದರೆ ನನ್ನ ಮನಸ್ಸು ಹಗುರಾಗುತ್ತೆ, ಅವರಿಗೆ ಸಿಗೋದೇನು? ನನ್ನ ಭಾರವನ್ನ ಮತ್ತೆ ಅವರ ಮೈಮೇಲೆ ದಾಟಿಸೋದು ಅಂದ್ರೆ ಅದೂ ಅಜಲೇ ಅಲ್ಲವಾ? ಅಥವಾ ಇದೆಲ್ಲ ನನ್ನ ಹೇಡಿತನಕ್ಕೆ ನಾನೇ ಹುಡುಕಿಕೊಂಡ ನೆಪವಾ? ಗೊತ್ತಾಗ್ತಿಲ್ಲ.

ಈ ಸಲ ಆಗಸ್ಟ್ 18ಕ್ಕೆ ರಜೆ ಹಾಕ್ತೀನಿ. ಭಾಷಣ ಮಾಡೋಕಲ್ಲ, ಹಿಂದಿನ ಸಾಲಿನಲ್ಲಿ ಕೂರೋಕೆ. ಅಮ್ಮನನ್ನೂ ಬಾ ಅಂತ ಕರೆದಿದ್ದೀನಿ. "ಕಾಂಬ" ಅಂದಿದ್ದಾರೆ.

ನಿಮ್ಮ ಮನೆಗಳಲ್ಲಿ ಇಂಥದ್ದೇನಿತ್ತು? ಅಜ್ಜಿಯರು ಇರೋವಾಗಲೇ ಒಂದು ಸಲ ಕೇಳಿ ನೋಡಿ. ಬರೆಯೋ ಧೈರ್ಯ ಬಂದಾಗ ಬರೀರಿ, ನಾನು ಓದ್ತೀನಿ.