ಡಬ್ಬಿಯ ಬುಡದ ಜಾತಕ

ಬೀರಿನ ಡಬ್ಬಿ ಕೈಗೆ ಬಂದರೆ ನಾನು ಮೊದಲು ನೋಡುವುದು ಅದರ ಬುಡ. ಮುಂಭಾಗದ ಡ್ರ್ಯಾಗನ್ನು, ತಲೆಬುರುಡೆ, ಬಾಹ್ಯಾಕಾಶದಲ್ಲಿ ಹಾರುವ ಬೆಕ್ಕು ಇವೆಲ್ಲ ಮಾರುವವರ ಮಾತು. ಬುಡದಲ್ಲಿ ಮಸುಕಾಗಿ ಅಚ್ಚಾದ ತಾರೀಕೇ ಅದರ ಜಾತಕ. ಮೊನ್ನೆ ಸ್ಯಾನ್ ಹೋಸೆಯ ಅಂಗಡಿಯೊಂದರಲ್ಲಿ ಐಪಿಎ ಡಬ್ಬಿಯನ್ನು ಹೀಗೆ ಮಗುಚಿ ನೋಡಿದರೆ ಐದು ತಿಂಗಳ ಹಳೇ ಮಾಲು. ಫ್ರಿಜ್ಜಿನಲ್ಲೂ ಅಲ್ಲ, ಕಿಟಕಿ ಪಕ್ಕ ಬಿಸಿಲು ಕಾಯಿಸುತ್ತ ಕೂತಿದೆ. ಮೇಲೊಂದು ಚೀಟಿ: ‘ನಮ್ಮ ಶಿಫಾರಸು’. ಅಂಗಡಿಯ ಹುಡುಗನನ್ನು ಕೇಳಿದರೆ, “ಬೀರ್ ಎಲ್ಲಿ ಕೆಡುತ್ತೆ?” ಅಂದ.

ಕುಡಿದವರು ಆಸ್ಪತ್ರೆ ಸೇರುವುದಿಲ್ಲ, ಅಷ್ಟರ ಮಟ್ಟಿಗೆ ಸರಿ. ಆದರೆ ಹಾಪ್ಸ್ ಹೂವಿನ ಘಮಲಿಗೆಂದೇ ಮಾಡಿದ ಬೀರು ಆ ಘಮಲು ಹಾರಿಹೋದ ಮೇಲೆ ಯಾರಿಗೆ ಬೇಕು? ಮೊದಲು ಕಂಪು ಹೋಗುತ್ತದೆ. ಆಮೇಲೆ ಡಬ್ಬಿಯೊಳಗೆ ಉಳಿದ ಚೂರುಪಾರು ಆಮ್ಲಜನಕ ತನ್ನ ಕೆಲಸ ಮಾಡಿ ನೆಂದ ರಟ್ಟಿನ ರುಚಿ ತಂದಿಡುತ್ತದೆ. ಕ್ಯಾಲಿಫೋರ್ನಿಯಾದ ಸ್ಟೋನ್ ಬ್ರೂಯಿಂಗ್‌ನವರು ಒಂದು ಐಪಿಎಗೆ, ಇಂಥ ದಿನದೊಳಗೆ ಸವಿಯಿರಿ ಅಂತ ತಾರೀಕನ್ನೇ ಹೆಸರಾಗಿ ಇಟ್ಟುಬಿಟ್ಟರು. ಎಲ್ಲ ಬೀರಿಗೂ ಈ ಅವಸರವಿಲ್ಲ. ಸಿಯೆರಾ ನೆವಾಡಾ ಬ್ರೂವರಿಯ ಬಿಗ್‌ಫುಟ್‌ನಂಥ ಬಾರ್ಲಿವೈನ್ ವರ್ಷಗಟ್ಟಲೆ ಕೂತು ಮಾಗುತ್ತದೆ. ಯಾವುದನ್ನು ಕಾಯಿಸಬೇಕು, ಯಾವುದನ್ನು ಕಾಯಿಸಬಾರದು ಅನ್ನುವುದಾದರೂ ಶಿಫಾರಸು ಮಾಡುವವನಿಗೆ ಗೊತ್ತಿರಬೇಡವೇ?

ಶಿಫಾರಸಿನ ಮಾತು ಬಂತಲ್ಲ. ಊರಿಂದ ಬಂದವರು “ಇಲ್ಲಿ ಯಾವ ಬೀರು ಚೆನ್ನಾಗಿದೆ?” ಎಂದು ಕೇಳುವುದೇ ತಡ, ನಮ್ಮ ಬಳಗದ ಪಂಡಿತರು ಹದಿನಾಲ್ಕು ಪರ್ಸೆಂಟಿನ, ಬೂರ್ಬನ್ ಪೀಪಾಯಿಯಲ್ಲಿ ಮಲಗಿಸಿದ ಕರೀ ಸ್ಟೌಟನ್ನು ಅವರ ಕೈಗೆ ಕೊಟ್ಟು ಮುಖ ನೋಡುತ್ತ ನಿಲ್ಲುತ್ತಾರೆ. ಇದು ಉಪಚಾರವಲ್ಲ, ರ‍್ಯಾಗಿಂಗು. ನಾನು ಮೊದಲು ಕೊಡುವುದು ಮೇನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಅಲಗ್ಯಾಶ್ ವೈಟ್. 1995ರಿಂದ ಇರುವ, ಬೆಲ್ಜಿಯಂ ಮಾದರಿಯ ಗೋಧಿ ಬೀರು. ಅದರಲ್ಲಿ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ. ಮನೆಯಲ್ಲಿ ಸಾರಿನಪುಡಿ ಹುರಿದವರ ಮೂಗಿಗೆ ಆ ಬೀಜ ಥಟ್ಟನೆ ಸಿಗುತ್ತದೆ, ಮಾತಿಗೆ ದಾರಿಯಾಗುತ್ತದೆ. ಎರಡನೆಯದು ಸಿಯೆರಾ ನೆವಾಡಾ ಪೇಲ್ ಏಲ್. ಕೆನ್ ಗ್ರಾಸ್‌ಮನ್ ಚೀಕೋ ಊರಿನಲ್ಲಿ ಡೇರಿಯ ಹಳೇ ತೊಟ್ಟಿಗಳನ್ನು ತಂದು ಜೋಡಿಸಿಕೊಂಡು 1980ರಲ್ಲಿ ಶುರು ಮಾಡಿದ್ದು. ಲೋಟಕ್ಕೆ ಸುರಿದು, ಹತ್ತು ಡಿಗ್ರಿಯ ಹತ್ತಿರಕ್ಕೆ ಬರುವತನಕ ತಡೆದು, ಆಮೇಲೆ ಮೂಗು ಇಳಿಸಿದರೆ ದೇವನಹಳ್ಳಿ ಚಕ್ಕೋತ ಸುಲಿದ ಕೈಯ ವಾಸನೆ. ಅದು ಕ್ಯಾಸ್ಕೇಡ್ ಹಾಪ್ಸ್. ಹಿಂದೆಯೇ ಮಾಲ್ಟಿನ ಸಿಹಿ, ಕೊನೆಗೆ ನಾಲಿಗೆಯ ಹಿಂಬದಿಯಲ್ಲಿ ನಿಧಾನಕ್ಕೆ ಕೂರುವ ಕಹಿ. ಲೋಟವನ್ನು ಫ್ರೀಜರಿನಲ್ಲಿ ಇಟ್ಟು ಮಂಜು ಹಿಡಿಸಿ ಕೊಡುವವರಿಗೆ ಇದ್ಯಾವುದೂ ಸಿಗದು. ಸಿಗದಿದ್ದರೆ ಅವರಿಗೆ ಬೇಜಾರೂ ಇಲ್ಲ.

ಆ ಕಹಿಯ ಬಗ್ಗೆಯೇ ನನ್ನ ಜಗಳ. ಈಗ ಎಲ್ಲಿ ಹೋದರೂ ಮಬ್ಬು ಬೀರು. ಓಟ್ಸು, ಗೋಧಿ ಹಾಕಿ, ಕಿತ್ತಳೆ ರಸದ ಹಾಗೆ ಕದಡಿದ ಐಪಿಎ. ಕುಡಿದವರು “ಒಂಚೂರೂ ಕಹಿ ಇಲ್ಲ!” ಎಂದು ಕುಣಿಯುತ್ತಾರೆ. ಹಾಪ್ಸನ್ನು ಕುದಿಯುವ ವರ್ಟಿನಲ್ಲಿ, ಅಂದರೆ ಮಾಲ್ಟಿನ ರಸದಲ್ಲಿ, ತುಂಬ ಹೊತ್ತು ಬಿಟ್ಟರೆ ಕಹಿ ಇಳಿಯುತ್ತದೆ, ಒಲೆ ಆರಿಸಿದ ಮೇಲೆ ಸುರಿದರೆ ಹೆಚ್ಚಾಗಿ ಕಂಪೇ ಬರುತ್ತದೆ. ಇವರು ಎರಡನೆಯದನ್ನೇ ಮೂಟೆಗಟ್ಟಲೆ ಮಾಡುತ್ತಾರೆ. ಇದಕ್ಕೆಲ್ಲ ಮೂಲ ವರ್ಮಾಂಟಿನ ಹೆಡಿ ಟಾಪರ್. ಅದನ್ನು ಮಾಡಿದ ಜಾನ್ ಕಿಮಿಕ್ ಮೇಲೆ ನನಗೆ ಸಿಟ್ಟಿಲ್ಲ; ಅದರಲ್ಲಿ ಕಂಪಿನಷ್ಟೇ ಕಹಿಯೂ ಇದೆ. ನಕಲು ಮಾಡಿದವರು ಮಬ್ಬನ್ನು ಎತ್ತಿಕೊಂಡು ಕಹಿಯನ್ನು ಅಲ್ಲೇ ಬಿಟ್ಟುಬಂದರು. ಡಬ್ಬಿಯಿಂದಲೇ ಕುಡಿಯಿರಿ ಎಂದು ಹೆಡಿ ಟಾಪರಿನ ಮೇಲೆ ಅಚ್ಚು ಹಾಕಿರುವುದಕ್ಕೆ ಮಾತ್ರ ನನ್ನ ತಕರಾರಿದೆ. ಮೂಗಿಗೆ ದಾರಿ ಕೊಡದ ಬೀರೇನು? ನಾನು ಲೋಟಕ್ಕೇ ಸುರಿಯುತ್ತೇನೆ. 2018ರಲ್ಲಿ ಡೆನ್ವರಿನ ಗ್ರೇಟ್ ಅಮೆರಿಕನ್ ಬೀರ್ ಫೆಸ್ಟಿವಲ್‌ನವರು ಸ್ಪರ್ಧೆಯಲ್ಲಿ ಮಬ್ಬಿಗೆ ಬೇರೆ ಪಂಕ್ತಿಯನ್ನೇ ಹಾಕಿದರು. ಇನ್ನು ಯಾರಿಗೆ ದೂರು ಕೊಡುವುದು?

ಈ ಮಬ್ಬು ಭಕ್ತರು ಲೋಟವನ್ನು ಬಿಸಿಲಿಗೆ ಹಿಡಿದು ಫೋಟೊ ತೆಗೆಯುವಾಗ ನನಗೆ ನಿಜಕ್ಕೂ ಮೈ ಉರಿಯುತ್ತದೆ. ಹಾಪ್ಸಿನ ಕಹಿ ಅಂಶಕ್ಕೆ ಬೆಳಕು ಬಿದ್ದರೆ, ಬೀರಿನಲ್ಲೇ ಇರುವ ರೈಬೋಫ್ಲೇವಿನ್ ಅದನ್ನು ಮುರಿಯಲು ಕೈಜೋಡಿಸುತ್ತದೆ, ಗಂಧಕದ ಒಂದು ಸಂಯುಕ್ತ ಹುಟ್ಟುತ್ತದೆ. ಸ್ಕಂಕ್ ಪ್ರಾಣಿಯ ನಾತದ ಹತ್ತಿರದ ನೆಂಟ. ರಾತ್ರಿ ಇಲ್ಲಿನ ಹೈವೇಯಲ್ಲಿ ಕಾರಿನ ಕಿಟಕಿ ಇಳಿಸಿದವರಿಗೆ ಆ ವಾಸನೆ ಗೊತ್ತು. ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮೂಗು ಹಿಡಿದುಬಿಡುತ್ತದೆ. ಡಬ್ಬಿಗೆ ಈ ಭಯವಿಲ್ಲ, ಕಂದು ಬಾಟಲಿ ಬಹುಪಾಲು ಕಾಯುತ್ತದೆ, ಹಸಿರು ಬಾಟಲಿ ಕಾಯುವುದಿಲ್ಲ. ಹಸಿರು ಬಾಟಲಿಯ ಫಾರಿನ್ ಬೀರಿಗೆ ಒಂದು ‘ವಿಶೇಷ ಘಾಟು’ ಇದೆ ಎಂದು ಮೆಚ್ಚಿ ಮಾತಾಡುವವರನ್ನು ಕಂಡಿದ್ದೇನೆ. ಅಲ್ಲಿ ವಿಶೇಷ ಏನೂ ಇಲ್ಲ, ಬಿಸಿಲು ಬಡಿದಿದೆ. ನಮ್ಮವರಿಗೋ ಪಬ್ಬಿನ ಅಂಗಳದಲ್ಲಿ ಕೊಡೆಯಿಲ್ಲದ ಮೇಜೇ ಆಗಬೇಕು. ನಾನು ನೆರಳಿಗೆ ಕುರ್ಚಿ ಎಳೆದುಕೊಂಡರೆ ವಯಸ್ಸಾಯಿತು ಅನ್ನುತ್ತಾರೆ.

ಈ ಮಬ್ಬು ಮಿತ್ರರಿಗೆ ಬುದ್ಧಿ ಹೇಳಲು ನಾನು ಸ್ಯಾನ್ ಫ್ರಾನ್ಸಿಸ್ಕೋದ ಆ್ಯಂಕರ್ ಲಿಬರ್ಟಿ ಏಲನ್ನು ಮುಂದಿಡುತ್ತಿದ್ದೆ. ದಿವಾಳಿಯ ಅಂಚಿನಲ್ಲಿದ್ದ ಆ್ಯಂಕರ್ ಬ್ರೂವರಿಯನ್ನು 1965ರಲ್ಲಿ ಕೈಗೆ ತೆಗೆದುಕೊಂಡ ಫ್ರಿಟ್ಜ್ ಮೇಟ್ಯಾಗ್, ಹತ್ತು ವರ್ಷದ ಮೇಲೆ ಕ್ಯಾಸ್ಕೇಡ್ ಹಾಪ್ಸಿಗೆ ಎಂಥ ಕಂಪಿದೆ ಎಂದು ಈ ಬೀರಿನಲ್ಲಿ ತೋರಿಸಿದ. “ಅಪ್ಪನ ಕಾಲದ್ದು” ಎಂದು ಮಬ್ಬು ಮಿತ್ರರು ಲೋಟ ಅತ್ತ ಸರಿಸುತ್ತಿದ್ದರು. 2023ರ ಬೇಸಿಗೆಯಲ್ಲಿ ಆ್ಯಂಕರ್ ಮುಚ್ಚಿತು. ಮರುವರ್ಷ ಛೊಬಾನಿ ಮೊಸರಿನ ಹಮ್ದಿ ಉಲುಕಾಯಾ ಅದನ್ನು ಕೊಂಡರೆನ್ನುವುದು ಬೇರೆ ಮಾತು. ಮುಚ್ಚಿದ ಸುದ್ದಿ ಬಂದದ್ದೇ ಇದೇ ಮಿತ್ರರು ಊರೆಲ್ಲ ಸುತ್ತಿ, ಸಿಕ್ಕಷ್ಟು ಆ್ಯಂಕರನ್ನು ಬಾಚಿಕೊಂಡು ಬಂದರು. ಒಂದು ತೆರೆಯಿರೋ ಅಂದರೆ ಆಗುವುದಿಲ್ಲವಂತೆ, ಮುಂದೆ ಒಳ್ಳೆ ರೇಟು ಬರುತ್ತದಂತೆ.