ಮೂವತ್ತೆರಡು ಬೈಟುಗಳ ನಾಮಫಲಕ

ಕಾಸರಗೋಡಿನಲ್ಲಿ ಒಂದು ಕನ್ನಡ ಹೆಸರು ಫಲಕದ ಮೇಲೆ ಉಳಿಯಬೇಕಾದರೆ ಮನವಿ, ಅರ್ಜಿ, ಆದೇಶಗಳ ದೀರ್ಘ ಹಾದಿಯನ್ನು ಕ್ರಮಿಸಬೇಕಾಗುತ್ತದೆ. 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರಿದಂದಿನಿಂದ ಗಡಿನಾಡ ಕನ್ನಡಿಗನಿಗೆ ಆ ಹಾದಿ ಸುಪರಿಚಿತ. ಆದರೆ ಯಾವ ಕಚೇರಿಯ ಅಪ್ಪಣೆಯನ್ನೂ ಬೇಡದ ಒಂದು ಫಲಕ ಈಗ ಮನೆಗಳಲ್ಲಿ, ವಾಚನಾಲಯಗಳಲ್ಲಿ, ಕಾಲೇಜುಗಳಲ್ಲಿ ಇದೆ. ಅದು ವೈಫೈ ಪೆಟ್ಟಿಗೆ ಗಾಳಿಯಲ್ಲಿ ಸಾರುವ ಹೆಸರು.

ತಯಾರಕರು ಇಟ್ಟ ಹೆಸರನ್ನೇ ಹಲವರು ಹಾಗೆಯೇ ಬಿಟ್ಟುಬಿಡುತ್ತಾರೆ. ಬದಲಿಸುವುದು ಕಷ್ಟವಲ್ಲ. ಪೆಟ್ಟಿಗೆಯ ತಳದಲ್ಲಿ ಅಚ್ಚಾದ ವಿಳಾಸವನ್ನು ಬ್ರೌಸರಿನಲ್ಲಿ ತೆರೆದು ಒಳಹೊಕ್ಕರೆ ವೈರ್‌ಲೆಸ್ ಪುಟ ದೊರೆಯುತ್ತದೆ. ಅಲ್ಲಿ ನಿರ್ಧರಿಸಬೇಕಾದವು ಮುಖ್ಯವಾಗಿ ಮೂರು: ಹೆಸರು, ಚಾನೆಲ್, ಪಾಸ್‌ವರ್ಡ್.

ಹೆಸರಿಗೆ ಎಸ್‌ಎಸ್‌ಐಡಿ ಎಂಬುದು ಪರಿಭಾಷೆ. ಅದಕ್ಕೆ ಮೀಸಲಾದ ಸ್ಥಳ 32 ಬೈಟ್. ರೋಮನ್ ಅಕ್ಷರವೊಂದಕ್ಕೆ ಒಂದು ಬೈಟ್ ಸಾಕು. ರೂಢಿಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೇಕು. ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರವನ್ನು ಬೆಸೆಯುವ ವಿರಾಮಚಿಹ್ನೆ ಇವೆಲ್ಲ ಬಿಡಿಬಿಡಿಯಾಗಿ ಲೆಕ್ಕಕ್ಕೆ ಬರುತ್ತವೆ. ಅಕ್ಷರವನ್ನು ಬಿಡಿಸಿ ನೋಡಲು ವ್ಯಾಕರಣದ ತರಗತಿಯಲ್ಲಿ ಕಲಿತ ವಿದ್ಯಾರ್ಥಿಗೆ ಈ ಲೆಕ್ಕ ಸುಲಭ. ‘ನ್ನ’ ಎಂಬಲ್ಲಿ ಮೂರು ಚಿಹ್ನೆ, ಒಂಬತ್ತು ಬೈಟ್. ‘ಕನ್ನಡ’ಕ್ಕೆ 15, ‘ವಿಭಾಗ’ಕ್ಕೆ 15, ನಡುವಣ ತೆರಪಿಗೆ 1. ‘ಕನ್ನಡ ವಿಭಾಗ’ ಎಂಬ ಹೆಸರು 31 ಬೈಟುಗಳಲ್ಲಿ ಹಿಡಿಸುತ್ತದೆ. ಉಳಿಯುವುದು ಒಂದೇ ಬೈಟ್. ‘ಕಾಸರಗೋಡು’ ಒಂದಕ್ಕೇ 24 ಬೇಕಾದುದರಿಂದ ಅದರ ಜೊತೆಗೆ ‘ಕನ್ನಡ’ವನ್ನು ಸೇರಿಸಲಾಗದು.

ಸಪ್ತಭಾಷಾ ಸಂಗಮಭೂಮಿಯ ಇತರ ನುಡಿಗಳಿಗೂ ಈ ಇಕ್ಕಟ್ಟು ತಪ್ಪಿದ್ದಲ್ಲ. ಮಲಯಾಳಕ್ಕೂ, ಮರಾಠಿಯ ದೇವನಾಗರಿಗೂ ಚಿಹ್ನೆಯೊಂದಕ್ಕೆ ಮೂರೇ ಬೈಟ್. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ ಸೇರಿದ ತುಳು ಲಿಪಿಗೆ ನಾಲ್ಕು. ಎಂಟು ಚಿಹ್ನೆಗಳಿಗೆ ಸ್ಥಳ ಮುಗಿಯಿತು. ಆದರೂ ಸ್ವಂತ ಲಿಪಿಗೆ ಈ ಬೆಲೆ ತೆರುವುದು ಸಾರ್ಥಕ. ‘ಕುಂಬಳೆ’ಯನ್ನು ರೋಮನ್ ಲಿಪಿಯಲ್ಲಿ ಬರೆದಾಗ ಳಕಾರ ಲಕಾರದಲ್ಲಿ ಕರಗುತ್ತದೆ, ಕೊನೆಯ ಎಕಾರ ಅಕಾರವಾಗುತ್ತದೆ. ಕನ್ನಡದಲ್ಲಿ ಬರೆದರೆ ಊರವರ ಬಾಯಲ್ಲಿರುವ ಹೆಸರೇ ಪರದೆಯ ಮೇಲೂ ಮೂಡುತ್ತದೆ. ಕೆಲವು ಪೆಟ್ಟಿಗೆಗಳ ಪುಟಗಳು ರೋಮನ್ ಅಕ್ಷರಗಳನ್ನಷ್ಟೇ ಒಪ್ಪುವುದುಂಟು. ಅದು ಆ ಪುಟವನ್ನು ರೂಪಿಸಿದವರು ಹಾಕಿದ ಮಿತಿ, ವೈಫೈ ಹಾಕಿದ್ದಲ್ಲ.

ಚಾನೆಲ್ಲಿನ ವಿಚಾರ ನೆರೆಹೊರೆಯ ವಿಚಾರ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಪಕ್ಕಪಕ್ಕದ ಚಾನೆಲ್ಲುಗಳು ಒಂದರ ಮೇಲೊಂದು ಬೀಳುತ್ತವೆ. 1, 6, 11 ಪರಸ್ಪರ ತಾಗದೆ ಇರಬಲ್ಲವು. ಪಕ್ಕದ ಕೊಠಡಿಯ ಪೆಟ್ಟಿಗೆ 6ರಲ್ಲಿದ್ದರೆ ಇಲ್ಲಿಯದನ್ನು 1ಕ್ಕೋ 11ಕ್ಕೋ ಸರಿಸುವುದು ಲೇಸು. 5 ಗಿಗಾಹರ್ಟ್ಸ್ ಪಟ್ಟಿಗೆ ವೇಗ ಹೆಚ್ಚು. ಆದರೆ ಇಲ್ಲಿನ ದಪ್ಪ ಮುರಕಲ್ಲಿನ ಗೋಡೆಯನ್ನು ದಾಟುವಾಗ ಅದು ಬೇಗ ಸೊರಗುತ್ತದೆ.

ಪಾಸ್‌ವರ್ಡಿನಲ್ಲಿ ಕನ್ನಡ ಹೊರಗುಳಿಯುತ್ತದೆ. ಡಬ್ಲ್ಯೂಪಿಎ2 ಭದ್ರತೆಯ ನಿಯಮದಂತೆ ಅದು 8ರಿಂದ 63ರವರೆಗಿನ ರೋಮನ್ ಅಕ್ಷರ, ಅಂಕಿ, ಗುರುತುಗಳಲ್ಲೇ ಇರಬೇಕು. ಲಿಪಿ ಹೊರಗುಳಿದರೂ ನುಡಿ ಒಳಬರಬಹುದು: ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ರೋಮನ್ನಿನಲ್ಲಿ ಪೋಣಿಸಿದರೆ ನೆನಪಿಗೆ ಸುಲಭ, ಊಹೆಗೆ ಕಠಿಣ. ಪ್ರಸಿದ್ಧ ಪದ್ಯದ ಮೊದಲ ಸಾಲನ್ನು ಬಳಸಬಾರದು. ಕನ್ನಡ ವಿಭಾಗದಲ್ಲಂತೂ ಅದು ಎಲ್ಲರಿಗೂ ಬಾಯಿಪಾಠ. ಪೆಟ್ಟಿಗೆಯ ಪುಟವನ್ನು ತೆರೆಯುವ ನಿರ್ವಾಹಕ ಪಾಸ್‌ವರ್ಡನ್ನೂ ಮರೆಯದೆ ಬದಲಿಸಬೇಕು. ಇಲ್ಲವಾದರೆ ಇಟ್ಟ ಹೆಸರನ್ನು ಬೇರೊಬ್ಬರು ಅಳಿಸಬಲ್ಲರು.

ಹೆಸರು ಕನ್ನಡದಲ್ಲಿದ್ದ ಮಾತ್ರಕ್ಕೆ ಗಡಿನಾಡಿನ ಕನ್ನಡ ಶಾಲೆಗಳು ಮಕ್ಕಳಿಂದ ತುಂಬುವುದಿಲ್ಲ. ಆದರೆ ಆವರಣದಲ್ಲಿ ಮೊಬೈಲ್ ತೆರೆದು ಸಂಪರ್ಕ ಹುಡುಕುವ ಮಲಯಾಳ, ತುಳು, ಬ್ಯಾರಿ, ಕೊಂಕಣಿ ಮನೆಮಾತಿನವರೆಲ್ಲರ ಕಣ್ಣಿಗೆ ಆ ಪಟ್ಟಿಯಲ್ಲಿ ಕನ್ನಡ ಲಿಪಿ ಬೀಳುತ್ತದೆ. ಸರಕಾರದ ಉತ್ತರಕ್ಕಾಗಿ ಕಾಯಬೇಕಾದ ಕನ್ನಡದ ಕೆಲಸಗಳು ಬಹಳ ಇವೆ. ಇದಕ್ಕೆ ಹತ್ತು ನಿಮಿಷ ಸಾಕು.