ಹೂವಿನಿಂದ ಅಡಿಯವರೆಗೆ

ಮನ್ನಳ್ಳಿ, ಜನವರಿ 20
ಕೇಸರ್ ಮಾವಿನ ಗಿಡಗಳಲ್ಲಿ ಹೂಗೊಂಚಲು ಹೊರಟಿವೆ. ರಾತ್ರಿ ಥಂಡಿ, ಬೆಳಗ್ಗೆ ಇಬ್ಬನಿ. ಬೂದಿ ರೋಗಕ್ಕೆ ಇದೇ ಹದ. ಬಿಳಿಪುಡಿ ಕಾಣುವ ಮುಂಚೆಯೇ, ಹೂ ಅರಳುವುದರೊಳಗೆ, ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 3 ಗ್ರಾಂನಂತೆ ಹೊಡೆದೆವು. ಇನ್ನು ಕಾಯಿ ಕಚ್ಚುವವರೆಗೆ ಪಂಪು ಮುಟ್ಟುವುದಿಲ್ಲ. ಜೇನೂ ನೊಣವೂ ಹೂವಿನ ಮೇಲೆ ಓಡಾಡಿದರೇ ನಮಗೆ ಕಾಯಿ.

ಮಾರ್ಚ್ 12
ಕಾಯಿ ಗೋಲಿಯಷ್ಟಾಗಿವೆ. ಒಣಗಿದ ಕಡ್ಡಿ, ಕಪ್ಪಾದ ಹೂದಂಟುಗಳನ್ನು ಇಡೀ ದಿನ ಕತ್ತರಿಸಿ ಸುಟ್ಟೆವು. ಚಿಬ್ಬು ರೋಗದ ಶಿಲೀಂಧ್ರ ಇವುಗಳಲ್ಲೇ ಉಳಿದುಕೊಂಡು ಮಳೆಹನಿಯ ಜೊತೆ ಕಾಯಿಗೆ ಇಳಿಯುತ್ತದೆ. ಔಷಧಿಗಿಂತ ಮೊದಲು ಕತ್ತರಿ ಕೆಲಸ ಮಾಡಬೇಕು.

ಏಪ್ರಿಲ್ 24
ನಿನ್ನೆ ಸಂಜೆ ಗಾಳಿಮಳೆ. ಉದುರಿದ ಕಾಯಿಗಳನ್ನೆಲ್ಲ ಆಯ್ದು ಆಳವಾಗಿ ಹೂತೆವು. ಬಿಟ್ಟರೆ ಹಣ್ಣುನೊಣದ ಹುಳು ಅವುಗಳಿಂದ ಹೊರಬಿದ್ದು ಮಣ್ಣಿನಲ್ಲಿ ಕೋಶ ಕಟ್ಟುತ್ತದೆ. ಗಂಡು ನೊಣ ಹಿಡಿಯುವ ಮೀಥೈಲ್ ಯುಜಿನಾಲ್ ಬಲೆಗಳನ್ನೂ ತೂಗುಹಾಕಿದೆವು.

ಪಕ್ಕದ ಹೊಲದ ಕಾಕಾ ಬಂದು, "ಕಾಯಿ ಚೊಕ್ಕ ಅದಾವಲ್ಲ, ಇಷ್ಟ್ಯಾಕ ಚಿಂತಿ?" ಎಂದರು. ನನಗೆ ಹೆದರಿಕೆ ಇರುವುದೇ ಚೊಕ್ಕ ಕಾಣುವ ಕಾಯಿಯದು. ಈ ಮಳೆಯಲ್ಲಿ ಸಿಪ್ಪೆಯೊಳಗೆ ಸೇರಿದ ಚಿಬ್ಬು ಹಸಿರು ಕಾಯಿಯಲ್ಲಿ ಸುಮ್ಮನಿದ್ದು, ಹಣ್ಣಾಗುವಾಗ ಕಪ್ಪು ಕಲೆಯಾಗಿ ಹರಡುತ್ತದೆ. ಕೊಯ್ಲು ಹತ್ತಿರವಿದೆ, ಡಬ್ಬಿಯ ಮೇಲೆ ಬರೆದ ಕಾಯುವ ಅವಧಿ ಮೀರಿ ಏನನ್ನೂ ಹೊಡೆಯಲಾರೆ. ತಿನ್ನುವವರ ಬಾಯಿಗೆ ವಿಷ ಹೋಗಬಾರದು.

ಮೇ 17
ಕೊಯ್ಲು. ಕೊಂಬೆ ಅಲುಗಿಸುವುದು ಬೇಡವೆಂದೆ. ಬಲೆಚೀಲದ ದೋಟಿಯಿಂದ, ಬೆರಳಗಲ ತೊಟ್ಟು ಉಳಿಸಿ ಇಳಿಸಿದರು. ತೊಟ್ಟು ಬುಡಕ್ಕೆ ಕಿತ್ತರೆ ಸೊನೆ ಚಿಮ್ಮಿ ಸಿಪ್ಪೆ ಸುಡುತ್ತದೆ, ತೊಟ್ಟುಕೊಳೆಗೂ ದಾರಿಯಾಗುತ್ತದೆ. ಬಿದ್ದ ಕಾಯಿ ಬೇರೆ ಬುಟ್ಟಿಗೆ. ಉಳಿದವನ್ನು ನೆರಳಲ್ಲಿ ಸೊನೆ ಆರಿಸಿ, ತೊಳೆದು, 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 10 ನಿಮಿಷ ಮುಳುಗಿಸಿದೆವು. ಸಿಪ್ಪೆಯಡಿ ಮಲಗಿದ ಚಿಬ್ಬನ್ನು ಹತ್ತಿಕ್ಕುವುದು ಈ ಶಾಖವೇ. ನೀರು ತಣ್ಣಗಾದರೆ ಫಲವಿಲ್ಲ, ಹೆಚ್ಚು ಕಾದರೆ ಸಿಪ್ಪೆ ಬೇಯುತ್ತದೆ. ಹಾಗಾಗಿ ಥರ್ಮಾಮೀಟರ್ ಹಿಡಿದು ನಾನೇ ಕುಳಿತೆ. ಪೂರ್ತಿ ಆರಿದ ಮೇಲೆ ಖೋಲಿಯಲ್ಲಿ ಹುಲ್ಲು ಹಾಸಿ, ಕಾಯಿ ಹಣ್ಣಾಗಲೆಂದು ಅಡಿ ಹಾಕಿದೆವು.

ಮೇ 24
ಅಡಿ ಬಿಚ್ಚಿದೆವು. ಖೋಲಿ ತುಂಬ ಘಮಘಮ. ಕಲೆ ಬಿದ್ದ ಕೆಲವನ್ನು ಕೂಡಲೇ ತೆಗೆದುಹಾಕಿದೆ, ಉಳಿದವು ನುಣುಪಾಗಿವೆ. ವ್ಯಾಪಾರಿಯೊಬ್ಬರು ಕಾರ್ಬೈಡ್ ಪುಡಿ ಇಟ್ಟರೆ ಬೇಗ ಬಣ್ಣ ಬರುತ್ತದೆಂದರು. ಅದು ಕಾನೂನಿನಲ್ಲೇ ನಿಷಿದ್ಧ. ನಮ್ಮ ಖೋಲಿಗೆ ಬಾರದು. ಕಾಕಾನ ಮನೆಗೂ ಒಂದು ಬುಟ್ಟಿ ಕಳಿಸಿದೆ.

ಜೂನ್ 20
ಹಣ್ಣು ಮುಗಿಯಿತೆಂದು ಗಿಡವನ್ನು ಮರೆಯುವಂತಿಲ್ಲ. ಒಣಕೊಂಬೆ ತೆಗೆದು, ನೆತ್ತಿಯಲ್ಲಿ ಗಾಳಿ ಬೆಳಕು ಆಡುವಂತೆ ಸವರಿ, ಕತ್ತರಿಸಿದ ಗಾಯಗಳಿಗೆ ತಾಮ್ರದ ಆಕ್ಸಿಕ್ಲೋರೈಡ್ ಮುಲಾಮು ಹಚ್ಚಿದೆವು. ಈ ಸಲ ಕಾಕಾನೂ ತಮ್ಮ ಗಿಡಗಳಿಗೆ ಕತ್ತರಿ ಹಿಡಿದಿದ್ದಾರೆ. ರೋಗಕ್ಕೆ ಬದು ಗೊತ್ತಿಲ್ಲ. ಇಬ್ಬರ ತೋಟವೂ ಚೊಕ್ಕವಿದ್ದರೇ ಇಬ್ಬರಿಗೂ ಹಣ್ಣು.